ಹೊಸ ಲಾರಿಯೋ, ಹಳೆಯದೋ, ಲೀಸೋ? ಟ್ರಿಪ್ಪಿನ ಲೆಕ್ಕ ಹಾಕಿ ನೋಡಿ

ಓದುಗರ ಪತ್ರ: ಹತ್ತು ವರ್ಷದಿಂದ ಬೇರೆಯವರ ಗಾಡಿ ಓಡಿಸುತ್ತಿದ್ದೇನೆ. ಕೈಯಲ್ಲಿ 8 ಲಕ್ಷ ಇದೆ. ಹುಬ್ಬಳ್ಳಿ–ಮುಂಬೈ ಲೈನಿಗೆ ಸ್ವಂತ ಹತ್ತು ಚಕ್ರದ ಲಾರಿ ಹಾಕುವ ಆಸೆ. ಹೊಸದಕ್ಕೆ ಬಾಡಿ ಸೇರಿ 40 ಲಕ್ಷ, ಶೇ 10.5 ಬಡ್ಡಿ, ಐದು ವರ್ಷದ ಕಂತು. ಐದು ವರ್ಷ ಹಳೆಯ ಬಿಎಸ್–6 ಗಾಡಿಯೊಂದು 20 ಲಕ್ಷಕ್ಕೆ ಬರುತ್ತಿದೆ; ಅದಕ್ಕೆ 15 ಲಕ್ಷ ಸಾಲ, ನಾಲ್ಕು ವರ್ಷ, ಬಡ್ಡಿ ಬರೀ ಶೇ 9 ಅಂತೆ. ಲೀಸ್ ಕಂಪನಿಯವರು ಮೂರು ವರ್ಷಕ್ಕೆ ಹೊಸ ಗಾಡಿ ಕೊಡುತ್ತಾರೆ. ತಿಂಗಳಿಗೆ 78 ಸಾವಿರ ಮತ್ತು ಜಿಎಸ್‌ಟಿ, ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್, ಸರ್ವಿಸ್ ಅವರದೇ, ಟೈರ್ ನಮ್ಮದು. ಹೋಗಿ ಬರುವ ಬಾಡಿಗೆ ಸೇರಿ ಟ್ರಿಪ್ಪಿಗೆ 60 ಸಾವಿರ ಸಿಗುತ್ತದೆ, ಟೋಲ್ 9 ಸಾವಿರ. ಯಾವುದಕ್ಕೆ ಕೈ ಹಾಕಲಿ?

ಸಂಪಾದಕರ ಉತ್ತರ:

ಮೊದಲು ಆ ಶೇ 9ರ ವಿಷಯ ಮುಗಿಸಿಬಿಡೋಣ. ಅದು ಫ್ಲ್ಯಾಟ್ ಬಡ್ಡಿ. 15 ಲಕ್ಷಕ್ಕೆ ವರ್ಷಕ್ಕೆ 1.35 ಲಕ್ಷದಂತೆ ನಾಲ್ಕು ವರ್ಷಕ್ಕೆ 5.40 ಲಕ್ಷ ಬಡ್ಡಿ ಸೇರಿಸಿ, ಒಟ್ಟನ್ನು 48ರಿಂದ ಭಾಗಿಸಿದರೆ ಕಂತು 42,500. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 15 ಲಕ್ಷದ ಮೇಲೇ ನಿಂತಿರುತ್ತದೆ. ಇದನ್ನು ಹೊಸ ಗಾಡಿಯ ಸಾಲದ ಹಾಗೆ ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಶೇ 16 ಆಗುತ್ತದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಪ್ರೊಸೆಸಿಂಗ್ ಫೀ ಸಮೇತ ನಿಜವಾದ ವಾರ್ಷಿಕ ದರ ಅದರಲ್ಲಿ ಎಪಿಆರ್ ಎಂದು ಇರುತ್ತದೆ. ಸಹಿಗೆ ಮುಂಚೆ ಅದನ್ನು ಕೇಳಿ ಪಡೆಯಿರಿ. ಏಜೆಂಟ್ ಬಾಯಲ್ಲಿ ಹೇಳುವ ಶೇಕಡಾವಾರು ಲೆಕ್ಕಕ್ಕಿಲ್ಲ.

ಹಾಗಾದರೆ ಹಳೆಯ ಗಾಡಿ ದುಬಾರಿಯೇ? ಬಡ್ಡಿ ದುಬಾರಿ, ಗಾಡಿ ಅಲ್ಲ. ಕಾರಣ ಟ್ರಿಪ್ಪಿನ ಲೆಕ್ಕದಲ್ಲಿದೆ.

ಮುಂಬೈಗೆ ಹೋಗಿ ಬರುವುದು ಸುಮಾರು 1,150 ಕಿ.ಮೀ. ಲೀಟರಿಗೆ 4 ಕಿ.ಮೀ. ಹಿಡಿದರೆ 288 ಲೀಟರ್. ಡೀಸೆಲ್ 90 ರೂಪಾಯಿಯಂತೆ 26 ಸಾವಿರ. ಬಿಎಸ್–6 ಗಾಡಿ ಡೀಸೆಲಿನ ಶೇ 5ರಷ್ಟು ಯೂರಿಯಾ (ಹೊಗೆ ಶುದ್ಧ ಮಾಡಲು ಹಾಕುವ ದ್ರಾವಣ) ಕುಡಿಯುತ್ತದೆ, ಅದಕ್ಕೆ 900. ಟೋಲ್ 9 ಸಾವಿರ. ಹತ್ತು ರೇಡಿಯಲ್ ಟೈರಿಗೆ 2.4 ಲಕ್ಷ, ಓಟ 90 ಸಾವಿರ ಕಿ.ಮೀ. ಎಂದುಕೊಂಡರೆ ಟ್ರಿಪ್ಪಿಗೆ 3 ಸಾವಿರ ಸವೆಯುತ್ತದೆ. ಇದು ಕಣ್ಣಿಗೆ ಕಾಣದ ಖರ್ಚು. ಹೊಸದಾಗಿ ಗಾಡಿ ಹಾಕಿದವರು ಹೆಚ್ಚಾಗಿ ಎಡವುವುದು ಇಲ್ಲೇ: ವರ್ಷಕ್ಕೂ ಹೆಚ್ಚು ಕಾಲ ಲಾಭ ಎಂದು ಮನೆಗೆ ಒಯ್ದದ್ದು ಟೈರಿನ ದುಡ್ಡು. ಊಟ, ಕ್ಲೀನರ್, ಹಮಾಲಿ, ತಾಡಪಾಲು ಇತ್ಯಾದಿಗೆ 4,100. ಒಟ್ಟು 43 ಸಾವಿರ. 60ರಲ್ಲಿ ಅದು ಹೋದರೆ ಕೈಗೆ 17 ಸಾವಿರ.

ಈಗ ಗಾಡಿ ನಿಂತರೂ ಓಡಿದರೂ ತಪ್ಪದ ಖರ್ಚು ಹಾಕಿ. ಮನೆಗೆ ನಿಮ್ಮ ಸಂಬಳ 20 ಸಾವಿರ ಅಂತಿಟ್ಟುಕೊಳ್ಳೋಣ. ಹೊಸ ಗಾಡಿಗೆ 8 ಲಕ್ಷ ಮುಂಗಡ ಕಟ್ಟಿ 32 ಲಕ್ಷ ಸಾಲ ಮಾಡಿದರೆ ಕಂತು 68,780. ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್‌ಗೆ ತಿಂಗಳಿಗೆ 12,500 ಬೇಕು. ಈ ತೂಕದ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ 44 ಸಾವಿರದ ಆಸುಪಾಸು, ನ್ಯಾಷನಲ್ ಪರ್ಮಿಟ್ ವರ್ಷಕ್ಕೆ 16,500. ಎಲ್ಲ ಸೇರಿ 1,01,280. ಅಂದರೆ ಸರ್ವಿಸಿಗೆ ಒಂದು ರೂಪಾಯಿ ಎತ್ತಿಡದಿದ್ದರೂ ತಿಂಗಳಿಗೆ ಆರು ಟ್ರಿಪ್ಪು ಹೊಡೆಯಬೇಕು. ಲೀಸಿಗೆ ಜಿಎಸ್‌ಟಿ ಶೇ 18 ಸೇರಿ 92,040, ಸಂಬಳ ಸೇರಿ 1,12,040: ಆರೂವರೆ ಟ್ರಿಪ್ಪು. ಹಳೆಯ ಗಾಡಿಗೆ ಕಂತು 42,500, ಕಾಗದಪತ್ರಕ್ಕೆ 11 ಸಾವಿರ, ರಿಪೇರಿಗೆ ಧಾರಾಳವಾಗಿ 12,500, ಸಂಬಳ 20 ಸಾವಿರ. 86 ಸಾವಿರಕ್ಕೆ ಐದು ಟ್ರಿಪ್ಪು. ಲೋಡಿಂಗ್‌ಗೆ ಒಂದು ದಿನ, ಮುಂಬೈ ಪಕ್ಕದ ಭಿವಂಡಿಯ ಗೋಡೌನ್ ಮುಂದೆ ಒಂದು ದಿನ, ವಾಪಸ್ ಲೋಡಿಗೆ ಇನ್ನೊಂದು ದಿನ ಕಾದರೆ ತಿಂಗಳಿಗೆ ಆರು ಟ್ರಿಪ್ಪೇ ದೊಡ್ಡದು ಎಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಒಂದು ಟ್ರಿಪ್ಪು ತಪ್ಪಿದರೂ ಬದುಕುವುದು ಹಳೆಯ ಗಾಡಿಯ ಲೆಕ್ಕ ಮಾತ್ರ.

ಇನ್ನೊಂದು ಕಾರಣ ನಿಮ್ಮ 8 ಲಕ್ಷ. ಹೊಸ ಗಾಡಿ ಅದನ್ನು ಪೂರ್ತಿ ನುಂಗುತ್ತದೆ. ಹಳೆಯದಕ್ಕೆ 5 ಲಕ್ಷ ಹೋಗಿ 3 ಲಕ್ಷ ಉಳಿಯುತ್ತದೆ. ಹೆಸರು ವರ್ಗಾವಣೆ, ಇನ್ಶೂರೆನ್ಸ್, ಮೊದಲ ಸರ್ವಿಸ್ ಮುಗಿಸಿದರೆ 2 ಲಕ್ಷ. ಕಂಪನಿಗೆ ಅಟ್ಯಾಚ್ ಮಾಡಿ, ಬಿಲ್ 45 ದಿನಕ್ಕೆ ಬರುತ್ತದೆ ಎಂದಾದರೆ ಅಷ್ಟರಲ್ಲಿ ಏಳು ಟ್ರಿಪ್ಪಿಗೆ ನಿಮ್ಮ ಜೇಬಿನಿಂದ ಸುಮಾರು 3 ಲಕ್ಷ ಹಾಕಿರುತ್ತೀರಿ. ಹಾಗಾಗಿ ಮೊದಲ ಆರು ತಿಂಗಳು ಶೇ 80 ಅಡ್ವಾನ್ಸ್ ಸಿಗುವ ಮಾರ್ಕೆಟ್ ಲೋಡುಗಳನ್ನೇ ಹಿಡಿಯಿರಿ, ಬಾಡಿಗೆ ಸ್ವಲ್ಪ ಕಡಿಮೆಯಾದರೂ ಸರಿ.

ಲೀಸ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಮೂರು ವರ್ಷದ ಲೋಡಿನ ಕಾಂಟ್ರಾಕ್ಟ್ ಕೈಯಲ್ಲಿದ್ದು, ತಿಂಗಳಿಗಿಷ್ಟು ಕಿ.ಮೀ. ಗ್ಯಾರಂಟಿ, ಡೀಸೆಲ್ ಏರಿದರೆ ಬಾಡಿಗೆ ಏರುತ್ತದೆ ಎಂಬ ಷರತ್ತು ಬರಹದಲ್ಲಿದ್ದರೆ ಲೀಸ್ ಹೊಂದುತ್ತದೆ. ನಿಮ್ಮ ಬಳಿ ಅದಿಲ್ಲ. ಮೂರು ವರ್ಷಕ್ಕೆ 33 ಲಕ್ಷ ಕಟ್ಟಿ ಬರಿಗೈಯಲ್ಲಿ ಇಳಿಯುತ್ತೀರಿ. ಜಿಎಸ್‌ಟಿ ವಾಪಸ್ ಬರುತ್ತದೆ ಎಂದು ಅವರು ಹೇಳಿದರೆ ನಂಬಬೇಡಿ. ನಿಮ್ಮ ಸಾಗಣೆ ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಲು ದಾರಿಯಿಲ್ಲ. ಆದಾಯ ತೆರಿಗೆಯಲ್ಲೂ ವ್ಯತ್ಯಾಸವಿದೆ. 44ಎಇ ಎಂದು ಎಲ್ಲರೂ ಕರೆಯುವ ಸರಳ ಲೆಕ್ಕದಲ್ಲಿ ಭಾರಿ ಗಾಡಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಎಂದು ತೋರಿಸಿದರೆ ಸಾಕು. 28 ಟನ್ನಿನ ಗಾಡಿಗೆ ವರ್ಷಕ್ಕೆ 3.36 ಲಕ್ಷ, ಲೆಕ್ಕದ ಪುಸ್ತಕ ಬೇಡ. ಕಂತಿನ ಗಾಡಿಗೆ ಈ ಅನುಕೂಲ ಉಂಟು, ಬರೀ ಲೀಸಿನ ಗಾಡಿಗೆ ಇಲ್ಲ. ತಮಾಷೆಯೆಂದರೆ ಅಪಘಾತವಾದಾಗ ಮಾತ್ರ ಲೆಕ್ಕ ತಿರುಗುತ್ತದೆ. ಮೋಟಾರು ವಾಹನ ಕಾಯ್ದೆಯ 2(30)ನೇ ಕಲಮಿನ ಪ್ರಕಾರ ಲೀಸ್ ಕರಾರಿನಲ್ಲಿ ಗಾಡಿ ಯಾರ ವಶದಲ್ಲಿದೆಯೋ ಅವರೇ ಮಾಲೀಕರು.

ಆದರೂ ಲೀಸೇ ಬೇಕೆಂದರೆ ಕರಾರಿನಲ್ಲಿ ನಾಲ್ಕು ಸಾಲು ಹುಡುಕಿ: ತಿಂಗಳ ಕಿ.ಮೀ. ಮಿತಿ (6,000 ಎಂದಿದ್ದರೆ ನಿಮ್ಮ ಆರು ಟ್ರಿಪ್ಪೇ 6,900), ಗಾಡಿ ವರ್ಕ್‌ಶಾಪಿನಲ್ಲಿದ್ದ ದಿನಗಳಿಗೂ ಬಾಡಿಗೆ ಕಟ್ಟಬೇಕೋ, ನಡುವೆ ಬಿಟ್ಟರೆ ದಂಡ ಎಷ್ಟು, ವಾಪಸ್ ಕೊಡುವಾಗ ಟೈರ್ ಮತ್ತು ಬಾಡಿಯ ಸವೆತವನ್ನು ಯಾರು ಅಳೆಯುತ್ತಾರೆ.

ಪತ್ರದ ಕೊನೆಗೆ ಟ್ರಾನ್ಸ್‌ಪೋರ್ಟ್ ಮಾಲೀಕರೊಬ್ಬರು ‘ನನ್ನ ಗಾಡಿಯ ಕಂತು ನೀನು ಕಟ್ಟು, ಮುಗಿದ ಮೇಲೆ ನಿನ್ನ ಹೆಸರಿಗೆ ಮಾಡಿಕೊಡ್ತೀನಿ’ ಎಂದಿದ್ದಾರೆಂದೂ ಬರೆದಿದ್ದೀರಿ. ಬೇಡ. ಆರ್‌ಸಿ, ಸಾಲ ಎರಡೂ ಅವರ ಹೆಸರಲ್ಲಿ, ಲೋಡು ಕೊಡುವವರೂ ಅವರೇ. ಲೋಡು ನಿಲ್ಲಿಸಿದ ದಿನ ನಿಮ್ಮ ಕಂತೂ ನಿಲ್ಲುತ್ತದೆ, ಗಾಡಿಯೂ ಹೋಗುತ್ತದೆ. ಅಮೆರಿಕದಲ್ಲಿ ಕಂಪನಿಗಳು ಚಾಲಕರಿಗೆ ಕೊಡುವ ಇಂಥದೇ ಲೀಸ್–ಪರ್ಚೇಸ್ ಯೋಜನೆಗಳನ್ನು ನಿಷೇಧಿಸಬೇಕೆಂದು ಅಲ್ಲಿನ ಕೇಂದ್ರ ಸರ್ಕಾರದ ಕಾರ್ಯಪಡೆಯೇ 2025ರ ಜನವರಿಯಲ್ಲಿ ಶಿಫಾರಸು ಮಾಡಿದೆ.

ಹಳೆಯ ಗಾಡಿ ನೋಡಲು ಹೋಗುವಾಗ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗಿರಲಿ. ಬಿಎಸ್–6ರಲ್ಲಿ ದುಬಾರಿ ಕಾಯಿಲೆ ಎಂಜಿನ್ನಿಗಿಂತ ಹೊಗೆಕೊಳವೆಯ ಕಡೆಗೇ ಹೆಚ್ಚು: ನಾಕ್ಸ್ ಸೆನ್ಸರ್ (ಹೊಗೆಯ ವಿಷಾನಿಲ ಅಳೆಯುವುದು), ಯೂರಿಯಾ ಪಂಪು, ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್). ಕಳಪೆ ಯೂರಿಯಾ ಹಾಕಿದ್ದರೆ ಇಂಜೆಕ್ಟರ್ ಸುತ್ತ ಬಿಳಿ ಹರಳು ಕಟ್ಟಿರುತ್ತದೆ, ಘಾಟಿಯಲ್ಲಿ ಎಂಜಿನ್ ಎಳೆತ ತಾನಾಗೇ ಇಳಿದುಬಿಡುತ್ತದೆ. ಯೂರಿಯಾ ಲೈನ್ ಬೈಪಾಸ್ ಮಾಡಿ ಚಿಪ್ ಕೂರಿಸಿದ ಗಾಡಿಯಾದರೆ ಬೆಲೆ ಎಷ್ಟೇ ಇಳಿಸಿದರೂ ಬಿಡಿ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ತೆಗೆದರೆ ಹೊಗೆ ದಬದಬನೆ ಬಂದರೆ ರಿಂಗು ಸವೆದಿದೆ. ಚೆಸ್ಸಿಯಲ್ಲಿ ಪಾಟಾ (ಸ್ಪ್ರಿಂಗ್ ಪಟ್ಟಿ) ಬ್ರಾಕೆಟ್‌ಗಳ ಬಳಿ ವೆಲ್ಡಿಂಗ್ ಇದ್ದರೆ ಓವರ್‌ಲೋಡ್ ಹೊತ್ತ ಗಾಡಿ. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ. 2321 ಎಂದರೆ 2021ರ 23ನೇ ವಾರದ್ದು.

ಹಣ ಕೊಡುವ ಮುಂಚೆ ಪರಿವಾಹನ್ ಜಾಲತಾಣದಲ್ಲಿ ಇ–ಚಲನ್, ಟ್ಯಾಕ್ಸ್ ಬಾಕಿ, ಎಚ್‌ಪಿ (ಗಾಡಿಯ ಮೇಲೆ ಸಾಲವಿದೆ ಎಂಬ) ನಮೂದು ಪರಿಶೀಲಿಸಿ. ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಅಂದರೆ ಈ ಗಾಡಿಗೆ ಇನ್ನು ಮೂರು ವರ್ಷ ಪ್ರತಿ ವರ್ಷದ ಎಫ್‌ಸಿ ಓಡಾಟ ಇಲ್ಲ. ಮಾರುವವರ ಸಾಲ ತೀರಿದ ಫಾರಂ 35 ಮತ್ತು ಎನ್‌ಒಸಿ, ವರ್ಗಾವಣೆಯ ಫಾರಂ 29 ಮತ್ತು 30, ಬೇರೆ ಆರ್‌ಟಿಒ ಗಾಡಿಯಾದರೆ ಫಾರಂ 28 ಕೈಗೆ ಬಂದ ಮೇಲೆಯೇ ಉಳಿದ ಹಣ ಕೊಡಿ. ಪರ್ಮಿಟ್ ಪ್ರತ್ಯೇಕವಾಗಿ ವರ್ಗಾವಣೆಯಾಗಬೇಕು. ಇನ್ಶೂರೆನ್ಸ್‌ಗೆ 14 ದಿನದೊಳಗೆ ಅರ್ಜಿ ಹಾಕಿ. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆಗೇ ಬರುತ್ತದೆ, ಆದರೆ ಪಾಲಿಸಿ ನಿಮ್ಮ ಹೆಸರಿಗೆ ಆಗುವವರೆಗೆ ಗಾಡಿಯ ಸ್ವಂತ ಹಾನಿಗೆ ಕ್ಲೇಮ್ ಸಿಗುವುದಿಲ್ಲ. ಅಷ್ಟು ದಿನ ಲೋಡಿಗೆ ಕಳಿಸದೆ ಆ ಹೊತ್ತನ್ನು ಸರ್ವಿಸಿಗೆ ಬಳಸಿಕೊಳ್ಳಿ.