17ರ ಹುಡುಗನಿಗೆ ಜೀವಾವಧಿ ಶಿಕ್ಷೆ ಆಗುತ್ತಾ?

ಪ್ರಶ್ನೆ: ಮೇಡಂ, ನಮ್ಮ ಅಕ್ಕನ ಮಗನಿಗೆ 17 ವರ್ಷ. ಹಬ್ಬದ ರಾತ್ರಿ ಗಲಾಟೆಯಲ್ಲಿ ಒಬ್ಬರು ಸತ್ತರು, ಹಿಡಿದವರಲ್ಲಿ ಇವನೂ ಇದ್ದಾನೆ. ಅವನ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಜೀವಾವಧಿ ಗ್ಯಾರಂಟಿ ಅಂತಾರೆ ಊರವರು. ಅಕ್ಕ ಊಟ ಬಿಟ್ಟಿದ್ದಾಳೆ. ಏನು ಮಾಡೋದು?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿದ್ದ ಹುಡುಗನ ಹೆಸರು, ಊರಿನ ಹೆಸರು ಎರಡನ್ನೂ ತೆಗೆದಿದ್ದೇನೆ. 18 ತುಂಬದವರ ಗುರುತನ್ನು ಹೀಗೆ ಹೊರಗೆ ಹಾಕುವಂತಿಲ್ಲ. ವಾಟ್ಸಾಪ್ ಫೋಟೊ ವಿಷಯವನ್ನು ಇವತ್ತೇ ವಕೀಲರಿಗೆ ಹೇಳಿ.

ಊರವರ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. 2012ರ ದೆಹಲಿಯ ನಿರ್ಭಯಾ ಅತ್ಯಾಚಾರ ಪ್ರಕರಣದಲ್ಲಿ ಒಬ್ಬ ಬಾಲಾಪರಾಧಿಗೆ 3 ವರ್ಷವಷ್ಟೇ ಆಯಿತು ಅಂತ ಇಡೀ ದೇಶ ಸಿಟ್ಟಾಗಿತ್ತಲ್ಲ, ಅದಾದ ಮೇಲೆ ಬಂದದ್ದು 2015ರ ಬಾಲನ್ಯಾಯ ಕಾಯ್ದೆ. ಕೊಲೆಯಂಥ ಘೋರ ಅಪರಾಧದಲ್ಲಿ ಹುಡುಗನಿಗೆ 16 ತುಂಬಿದ್ದರೆ, 18 ತುಂಬದವರ ಕೇಸು ನೋಡುವ ಬಾಲನ್ಯಾಯ ಮಂಡಳಿ ಅವನನ್ನು ಕೂರಿಸಿಕೊಂಡು ನೋಡುತ್ತದೆ: ಏನು ಮಾಡುತ್ತಿದ್ದೇನೆ ಅನ್ನೋದು ಅವನಿಗೆ ಗೊತ್ತಿತ್ತಾ, ಯಾವ ಸಂದರ್ಭದಲ್ಲಿ ಹಾಗಾಯಿತು, ಅಂತ. ಮಂಡಳಿಯೇ ಕೇಸು ಇಟ್ಟುಕೊಂಡರೆ ವಿಶೇಷ ಗೃಹದಲ್ಲಿ (ತಪ್ಪು ಮಾಡಿದ ಮಕ್ಕಳನ್ನು ತಿದ್ದಲು ಇಡುವ ಕಡೆ) ಹೆಚ್ಚೆಂದರೆ 3 ವರ್ಷ. ದೊಡ್ಡವರಂತೆ ವಿಚಾರಣೆ ಆಗಲಿ ಅಂತ ಮಂಡಳಿ ಮಕ್ಕಳ ನ್ಯಾಯಾಲಯಕ್ಕೆ ಕಳಿಸಿದರೆ ಶಿಕ್ಷೆ ಜಾಸ್ತಿಯಾಗಬಹುದು. ಆದರೆ ಗಲ್ಲು ಇಲ್ಲ. ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ. 21ರವರೆಗೆ ಅವನನ್ನು ಜೈಲಿಗೆ ಹಾಕುವಂತಿಲ್ಲ, ಬೇರೆ ಕಡೆಯೇ ಇಡಬೇಕು. 21 ತುಂಬಿದಾಗ ಅವನು ಎಷ್ಟು ಬದಲಾಗಿದ್ದಾನೆ ಅಂತ ನ್ಯಾಯಾಲಯ ನೋಡಿ, ಬಿಡಬಹುದು ಅನ್ನಿಸಿದರೆ ಬಿಡಬಹುದು.

ಈಗ ಮುಖ್ಯ ಕೆಲಸ ವಯಸ್ಸಿನ ದಾಖಲೆ. ಮೈಸೂರಿನ ಕೋರ್ಟ್ ಆವರಣದಲ್ಲಿ ಒಬ್ಬ ತಾಯಿಯನ್ನು ನೋಡಿದ್ದೆ. ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೆರಗಿನೊಳಗೆ ಹಿಡಿದು ಬೆಳಗ್ಗೆಯಿಂದ ನಿಂತಿದ್ದರು. ಯಾರಿಗೆ ಕೊಡಬೇಕು ಅಂತಲೇ ಗೊತ್ತಿರಲಿಲ್ಲ. ಮೊದಲು ನೋಡುವುದೇ ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯ್ತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಕ್ಕಳಿಗೆ ಅಲ್ಲಿ ಉಚಿತ.

ಇನ್ನೊಂದು ಮಾತು. ಸತ್ತವರ ಮನೆಯಲ್ಲೂ ಒಬ್ಬ ಅಕ್ಕ ಊಟ ಬಿಟ್ಟಿರುತ್ತಾಳೆ ಅಲ್ವಾ? ರಾಜಿ ಮಾಡಿಸುತ್ತೇವೆ ಅಂತ ಆ ಮನೆ ಬಾಗಿಲಿಗೆ ಯಾರನ್ನೂ ಕಳಿಸಬೇಡಿ.

ಪ್ರಶ್ನೆ: ನನ್ನದು ಬೈಕ್ ಗ್ಯಾರೇಜು. ಕಳ್ಳತನದ ಕೇಸಿನಲ್ಲಿ ವಿಶೇಷ ಗೃಹದಲ್ಲಿದ್ದು ಬಂದ ಹುಡುಗ ಕೆಲಸ ಕೇಳುತ್ತಿದ್ದಾನೆ. ಮುಂದೆ ನನಗೆ ತೊಂದರೆ ಆಗುತ್ತಾ?
– ಓದುಗರು, ಮೈಸೂರು

ಉತ್ತರ: ಇಲ್ಲ, ಧೈರ್ಯವಾಗಿ ಸೇರಿಸಿಕೊಳ್ಳಿ. ಮಂಡಳಿಯಲ್ಲೇ ಮುಗಿದ ಕೇಸಿನಿಂದ ಅವನು ಯಾವ ಕೆಲಸಕ್ಕೂ ಅನರ್ಹನಾಗುವುದಿಲ್ಲ. ಅಪೀಲಿನ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು ಅನ್ನುತ್ತದೆ ಕಾನೂನು. ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥರಾದ 16 ದಾಟಿದವರಿಗೆ ಮಾತ್ರ ಈ ಅನುಕೂಲ ಇಲ್ಲ.

ಕಾಗದ ನಾಶವಾದರೂ ಬೀದಿಯ ಬಾಯಿ ಸುಮ್ನಿರಲ್ಲ. ಗ್ಯಾರೇಜಿನ ಉಳಿದ ಹುಡುಗರಿಗೆ ಅವನ ಕಥೆ ಹೇಳಬೇಡಿ. ಏನಾದರೂ ಕಾಣೆಯಾದಾಗ ಮೊದಲು ಅವನ ಮುಖ ನೋಡಬೇಡಿ. ಸಂಬಳ ಬೇರೆಯವರಿಗೆ ಎಷ್ಟೋ ಅಷ್ಟೇ ಕೊಡಿ.