ರಾತ್ರಿ ಒಂಬತ್ತರ ಲೆಕ್ಕ

ಪ್ರಶ್ನೆ: ಸಣ್ಣದೊಂದು ಇಂಟರ್ನೆಟ್ ಸೇವೆ ನಡೆಸುತ್ತಿದ್ದೇನೆ. 600 ಗ್ರಾಹಕರು, ಎಲ್ಲರಿಗೂ 100 ಮೆಗಾಬಿಟ್ ಪ್ಲಾನ್. ನಾನು ಕೊಳ್ಳುವ ಲಿಂಕ್ 2 ಗಿಗಾಬಿಟ್. ತಿಂಗಳ ಗ್ರಾಫ್‌ನಲ್ಲಿ ಸರಾಸರಿ ಬಳಕೆ ಶೇ 40. ಆದರೂ ರಾತ್ರಿಯಾದರೆ ದೂರಿನ ಫೋನ್ ನಿಲ್ಲುವುದಿಲ್ಲ. ಲಿಂಕ್ ಹೆಚ್ಚಿಸಲೇ, ಇಲ್ಲವೇ ವಿಪರೀತ ಡೌನ್‌ಲೋಡ್ ಮಾಡುವವರಿಗೆ ದರ ಏರಿಸಲೇ?

ಉತ್ತರ: ಮೊದಲು ಆ ಸರಾಸರಿಯನ್ನು ಮರೆತುಬಿಡಿ. ಊರೆಲ್ಲ ಮಲಗಿರುವ ಬೆಳಗಿನ ಜಾವವನ್ನೂ ಸೇರಿಸಿಕೊಂಡ ಅಂಕಿ ಅದು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವವರಿಗೆ ಅದರಿಂದ ಏನಾಗಬೇಕು? ಲಿಂಕ್ ಬಳಕೆಯ ಗ್ರಾಫ್ ಬರೆಯುವ ಎಂಆರ್‌ಟಿಜಿ ಎಂಬ ತಂತ್ರಾಂಶದ ತಿಂಗಳ ಗ್ರಾಫ್‌ನಲ್ಲಿ ಒಂದೊಂದು ಚುಕ್ಕಿಯೂ ಎರಡು ಗಂಟೆಯ ಸರಾಸರಿ. ಹತ್ತು ನಿಮಿಷ ಲಿಂಕ್ ಉಸಿರುಗಟ್ಟಿದ್ದು ಅಲ್ಲಿ ಕಾಣುವುದೇ ಇಲ್ಲ. ಐದು ನಿಮಿಷದ ಅಳತೆಯಿರುವ ದಿನದ ಗ್ರಾಫ್ ತೆರೆಯಿರಿ.

ನೀವು ಮಾರಿದ್ದು ಒಟ್ಟು 60 ಗಿಗಾಬಿಟ್, ಕೊಂಡದ್ದು 2. ಇದರಲ್ಲಿ ಮೋಸವೇನಿಲ್ಲ, ಎಲ್ಲರೂ ಒಟ್ಟಿಗೆ ಬರುವುದಿಲ್ಲ ಎಂಬುದರ ಮೇಲೆಯೇ ಈ ವ್ಯಾಪಾರ ನಿಂತಿದೆ. ದೂರವಾಣಿ ಕರೆಗಳಿಗೆ ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲೇ ಇಂಥದೊಂದು ಸೂತ್ರ ಕೊಟ್ಟಿದ್ದರು. ಕಷ್ಟವಿರುವುದು ಸರದಿಯಲ್ಲಿ. ಸರಳ ಲೆಕ್ಕದಲ್ಲಿ ಲಿಂಕ್ ಅರ್ಧ ತುಂಬಿದಾಗ ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ತುಣುಕು, ದಾಟಲು ಖಾಲಿ ಲಿಂಕಿಗಿಂತ ಎರಡು ಪಟ್ಟು ಹೊತ್ತು ಬೇಕು. ಶೇ 80 ಆದಾಗ ಐದು ಪಟ್ಟು, 95ಕ್ಕೆ ಇಪ್ಪತ್ತು ಪಟ್ಟು. ರಾತ್ರಿಯ ನೂಕುನುಗ್ಗಲಿನಲ್ಲಿ 70 ಮುಟ್ಟಿದ ದಿನವೇ ಹೊಸ ಲಿಂಕ್ ಕೇಳಿಬಿಡಬೇಕಿತ್ತು. ನೀವು ಆ ಗೆರೆ ಎಂದೋ ದಾಟಿದ್ದೀರಿ.

ಇನ್ನು ದರ. ನಿಮ್ಮ ಬಿಲ್ 95ನೇ ಪರ್ಸೆಂಟೈಲ್‌ನದಾದರೆ, ಅಂದರೆ ಅತಿ ಹೆಚ್ಚಿನ ಶೇ 5 ಅಳತೆ ಬಿಟ್ಟು ಉಳಿದದ್ದರ ಗರಿಷ್ಠಕ್ಕೆ ಹಣ ಕಟ್ಟುವುದಾದರೆ, ಐದು ನಿಮಿಷಕ್ಕೊಂದರಂತೆ 30 ದಿನಕ್ಕೆ 8,640 ಅಳತೆ; ಅದರಲ್ಲಿ ಅತಿ ಹೆಚ್ಚಿನ 432 ಲೆಕ್ಕಕ್ಕಿಲ್ಲ. ಅಂದರೆ 36 ಗಂಟೆ ಮಾಫಿ. ದಿನಕ್ಕೆ ಮೂರು ಗಂಟೆಯ ನೂಕುನುಗ್ಗಲು ತಿಂಗಳಿಗೆ 90 ಗಂಟೆಯಾಗುತ್ತದೆ, ಮಾಫಿ ಎಲ್ಲಿಗೆ ಸಾಕು? ನಿಮ್ಮ ಬಿಲ್ ನಿರ್ಧಾರವಾಗುವುದು ಆ ಮೂರು ಗಂಟೆಯಲ್ಲಿಯೇ. ನಡುರಾತ್ರಿ ಎರಡಕ್ಕೆ ನೂರಾರು ಗಿಗಾಬೈಟ್ ಇಳಿಸಿಕೊಳ್ಳುವವರಿಂದ ನಿಮಗೆ ಕಾಸಿನ ಖರ್ಚೂ ಇಲ್ಲ. ಅವರಿಗೆ ದರ ಏರಿಸಿದರೆ ಗ್ರಾಹಕರು ಹೋಗುತ್ತಾರೆ, ದೂರು ಉಳಿಯುತ್ತದೆ. ಒಂಬತ್ತಕ್ಕೂ ಅವರದೇ ಹಾವಳಿಯಾದರೆ ಮಾತು ಬೇರೆ. ಆಗಲೂ ವೇಗಕ್ಕೆ ದರ ಕಟ್ಟಿ, ಗಿಗಾಬೈಟಿಗಲ್ಲ.

ಒಂದು ಸಮಾಧಾನ: ನಿಮ್ಮ ಗ್ರಾಫ್ 800 ಮೆಗಾಬಿಟ್ ತೋರಿಸುತ್ತಿದೆಯೆಂದರೆ ಹಾದುಹೋದ ಬೈಟ್‌ಗಳನ್ನು ಎಣಿಸುವ ಕೌಂಟರ್ ಸರಿಯಿದೆ. ನನಗೆ ಆ ಭಾಗ್ಯ ಇರಲಿಲ್ಲ. ಗಿಗಾಬಿಟ್ ಲಿಂಕ್ ತುಂಬಿ ಹರಿಯುವಾಗ ರೂಟರ್‌ನ 32 ಬಿಟ್ ಕೌಂಟರ್ ಎಣಿಕೆಯ ಮಿತಿ ಮುಗಿದು 34 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದರೆ ನಡುವಿನ ಸುತ್ತುಗಳು ಲೆಕ್ಕಕ್ಕೆ ಸಿಗದೆ ಗ್ರಾಫ್ 115 ಮೆಗಾಬಿಟ್ ದಾಟುವುದೇ ಇಲ್ಲ. ಅದನ್ನು ನಂಬಿ, ಕಿಕ್ಕಿರಿದ ಲಿಂಕ್ ಬಹುಪಾಲು ಖಾಲಿ ಇದೆಯೆಂದು ಸಹಿ ಹಾಕಿ ವರದಿ ಕೊಟ್ಟಿದ್ದೆ. 64 ಬಿಟ್ ಕೌಂಟರ್‌ಗೆ ಬದಲಿಸಿದ ಸಂಜೆ ಗ್ರಾಫ್ ಮೇಲಿನ ಅಂಚಿಗೆ ಅಂಟಿಕೊಂಡಿತು.