ಸಂಪಾದಕರ ಉತ್ತರ: ನೆಟ್ ಸ್ಲೋ ಆದರೆ ಕಾನೂನು ಮುರಿದಂತೆಯೇ?

ಪಾಂಡವಪುರದ ಓದುಗರೊಬ್ಬರ ಕಾಗದ ಬಂದಿದೆ. ಅವರದು ದಿನಕ್ಕೆ 1.5 ಜಿಬಿ ಪ್ಯಾಕು, ಸಂಜೆಗೆಲ್ಲ ಖಾಲಿ. ಆಮೇಲೆ ವಾಟ್ಸ್‌ಆ್ಯಪ್ ಮೆಸೇಜು ಹೋಗುತ್ತದಂತೆ, ಯೂಟ್ಯೂಬ್ ಮಾತ್ರ ಸುತ್ತುತ್ತಲೇ ಇರುತ್ತದಂತೆ. "ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಬಾರದು ಅಂತ 2016ರಲ್ಲೇ ನಿಯಮ ಬಂತಲ್ಲ, ಹಾಗಾದ್ರೆ ಇದೇನು? ರೇಟು ಬೇರೆ ಏರ್ತಾನೇ ಇದೆ. ಅವತ್ತು ಫೇಸ್‌ಬುಕ್‌ನೋರು ಕೊಡ್ತೀವಿ ಅಂದ ಪುಕ್ಕಟೆ ನೆಟ್ ಬೇಡ ಅಂದು ನಾವೇ ಕೆಟ್ವಾ?" ಎಂದು ಕೇಳಿದ್ದಾರೆ. ತಾಯಿಯ ಕೀಪ್ಯಾಡ್ ಫೋನಿಗೂ ಡೇಟಾ ಇರುವ ಪ್ಯಾಕನ್ನೇ ಹಾಕಿಸಬೇಕಾಗಿದೆ ಎಂಬುದು ಕೊನೆಯ ಸಾಲಿನ ಸಂಕಟ.

ಯೂಟ್ಯೂಬಿನಿಂದಲೇ ಶುರು ಮಾಡೋಣ. ದಿನದ ಡೇಟಾ ಮುಗಿದ ಮೇಲೆ ಬಹಳಷ್ಟು ಪ್ಯಾಕುಗಳಲ್ಲಿ ಉಳಿಯುವ ವೇಗ 64 ಕೆಬಿಪಿಎಸ್. ಇಲ್ಲಿ 'ಬಿ' ಅಂದರೆ ಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಬರುವುದು 8 ಕಿಲೋಬೈಟ್. 'ಊಟ ಆಯ್ತಾ' ಎಂಬ ಮೆಸೇಜಿಗೆ ಅಷ್ಟು ಧಾರಾಳ. 200 ಕಿಲೋಬೈಟಿನ ಫೋಟೋ ಇಳಿಯಲು 25 ಸೆಕೆಂಡು ಬೇಕು. 480ಪಿ, ಅಂದರೆ ಸಾಧಾರಣ ಸ್ಪಷ್ಟತೆಯ ವಿಡಿಯೋ ತಡವರಿಸದೆ ಓಡಲು ಸುಮಾರು 1 ಎಂಬಿಪಿಎಸ್ (1,000 ಕೆಬಿಪಿಎಸ್) ಬೇಕು, ಅಂದರೆ ನಿಮಗೆ ಸಿಗುತ್ತಿರುವುದರ ಹದಿನೈದು ಪಟ್ಟು. ಕಂಪನಿ ಯೂಟ್ಯೂಬನ್ನು ಹಿಡಿದು ನಿಲ್ಲಿಸಿಲ್ಲ. ಎಲ್ಲಕ್ಕೂ ಒಂದೇ ಸಣ್ಣ ಪೈಪು, ಮೆಸೇಜು ತೂರಿಕೊಂಡು ಹೋಗುತ್ತದೆ, ವಿಡಿಯೋ ಹೋಗುವುದಿಲ್ಲ. ಅಂಗಡಿ ಮುಂದೆ ನಿಂತಾಗ ಯುಪಿಐ ಕೈಕೊಡುವುದಕ್ಕೂ ಇದೇ ಕಾರಣ. ಅದಕ್ಕೆ ಬೇಕಾದ ಡೇಟಾ ಅತ್ಯಲ್ಪ. ಆದರೆ ಅದೇ ಹೊತ್ತಿಗೆ ವಾಟ್ಸ್‌ಆ್ಯಪ್ ಗ್ರೂಪಿನ ಫೋಟೋಗಳು, ಆ್ಯಪ್‌ಗಳ ಅಪ್‌ಡೇಟು ಎಲ್ಲ ಅದೇ ಪೈಪಿನಲ್ಲಿ ಸಾಲುಗಟ್ಟಿರುತ್ತವೆ, ಅಷ್ಟರಲ್ಲಿ ಟೈಮ್ ಔಟ್. ಆಟೋ ಡೌನ್‌ಲೋಡ್ ಮತ್ತು ಬ್ಯಾಕ್‌ಗ್ರೌಂಡ್ ಡೇಟಾ ಆಫ್ ಮಾಡಿಡಿ. ಅದೂ ಆಗದಿದ್ದರೆ ಫೋನಿನಲ್ಲಿ *99# ಡಯಲ್ ಮಾಡಿ ಯುಪಿಐ ಹಣ ಕಳಿಸಿ. ಅದಕ್ಕೆ ನೆಟ್ಟೇ ಬೇಕಿಲ್ಲ.

ಹಾಗಾದರೆ ನಿಯಮ ತಡೆಯುವುದು ಯಾವುದನ್ನು? ನಿಮ್ಮ ಕಡೆಯ ವಿ.ಸಿ. ನಾಲೆ ನೆನಪಿಸಿಕೊಳ್ಳಿ. ನೀರುಗಂಟಿ ನಿಮ್ಮ ಗದ್ದೆಗೆ ಇಷ್ಟು ಹೊತ್ತು ಎಂದು ಲೆಕ್ಕ ಹಾಕಿ ತೂಬು ಇಳಿಸಬಹುದು. 'ನಮ್ಮ ಮಿಲ್ಲಿಗೆ ಭತ್ತ ಹಾಕೋದಾದ್ರೆ ನೀರು ಪುಕ್ಕಟೆ, ಬೇರೆ ಮಿಲ್ಲಿಗಾದ್ರೆ ದುಡ್ಡು' ಅನ್ನುವ ಹಾಗಿಲ್ಲ. (ನಾಲೆಯಲ್ಲಿ ಕಬ್ಬಿಗೆ ಒಂದು ಕರ, ಭತ್ತಕ್ಕೆ ಒಂದು ಕರ ಇಲ್ಲವೇ ಎಂದು ನೀವು ಕೇಳುತ್ತೀರಿ, ಗೊತ್ತು. ಕಬ್ಬು ಹೆಚ್ಚು ನೀರು ಕುಡಿಯುತ್ತದೆ. ಡೇಟಾದಲ್ಲಿ ಆ ಮಾತಿಲ್ಲ: ಎಲ್ಲಿಂದ ಬಂದರೂ ಒಂದು ಎಂಬಿ ಒಂದೇ ಎಂಬಿ.) 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ತಂದ ನಿಯಮ ಹೇಳುವುದು ಇಷ್ಟೇ: ಏನು ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬೇರೆಯಾಗಬಾರದು. ಮುರಿದ ಕಂಪನಿಗೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ತಡೆಯುವುದು, ಬೇಕೆಂದೇ ನಿಧಾನ ಮಾಡುವುದು, ಒಬ್ಬರಿಗೆ ವಿಶೇಷ ದಾರಿ ಬಿಡುವುದು, ಇವುಗಳ ಮೇಲಿನ ನಿಷೇಧ 2018ರಲ್ಲಿ ಲೈಸೆನ್ಸಿನ ಷರತ್ತುಗಳಿಗೆ ಸೇರಿತು. ರಾತ್ರಿ ಹೊತ್ತು ಡೇಟಾ ಫ್ರೀ ಎಂಬ ಪ್ಯಾಕು ಇದರಡಿ ತಪ್ಪಲ್ಲ, ಏಕೆಂದರೆ ರಾತ್ರಿ ನೀವು ಏನು ಬೇಕಾದರೂ ನೋಡಬಹುದು. ರೀಚಾರ್ಜ್ ಜೊತೆ ಒಟಿಟಿ ಚಂದಾ ಕೊಡುವುದೂ ತಪ್ಪಲ್ಲ. ನೋಡಿದ ಎಂಬಿ ನಿಮ್ಮ ಕೋಟಾದಿಂದಲೇ ಕಳೆಯುತ್ತದೆ.

ನಿಜವಾಗಿ ತಾರತಮ್ಯ ನಡೆದಿದೆಯೇ ಎಂದು ತಿಳಿಯುವ ದಾರಿಯೂ ಇದೆ. ಕೋಟಾ ಇರುವಾಗಲೇ ನೋಡಬೇಕು. ಸಂಜೆ ಏಳರಿಂದ ಹತ್ತು ಬೇಡ, ಆಗ ಟವರ್ ಮೇಲೆ ಒತ್ತಡವಿದ್ದು ಎಲ್ಲವೂ ನಿಧಾನ. ಬೆಳಗಿನ ಜಾವ ಸ್ಪೀಡ್ ಟೆಸ್ಟ್ ಮಾಡಿ, ಅದು ಚೆನ್ನಾಗಿದ್ದೂ ಒಂದೇ ಸೈಟು ತೆವಳಿದರೆ ಅದನ್ನೇ ಬೇರೆ ಕಂಪನಿಯ ಸಿಮ್ಮಿನಲ್ಲಿ ತೆರೆಯಿರಿ. ಅಲ್ಲಿ ಸರಾಗವಾಗಿದ್ದರೆ ನಿಮ್ಮ ಸಿಮ್ಮಿನಲ್ಲೇ ವಿಪಿಎನ್ (ನೀವು ಯಾವ ಸೈಟು ನೋಡುತ್ತಿದ್ದೀರಿ ಎಂಬುದು ಕಂಪನಿಗೆ ಕಾಣದಂತೆ ಮಾಡುವ ಆ್ಯಪ್) ಹಾಕಿ ನೋಡಿ. ವಿಪಿಎನ್ ಹಾಕಿದ ಕೂಡಲೇ ಓಡಿದರೆ ಅನುಮಾನಕ್ಕೆ ಕಾರಣವಿದೆ. ಮೂರು ನಾಲ್ಕು ದಿನ ವೇಳೆ ಸಮೇತ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನು ಫ್ರೀ ಬೇಸಿಕ್ಸ್, ಅಂದರೆ ನೀವು ಕೇಳಿದ ಫೇಸ್‌ಬುಕ್‌ನ ಪುಕ್ಕಟೆ ನೆಟ್. ಅದು ಒಂದೇ ಕಂಪನಿಯ ಸಿಮ್ಮಿನಲ್ಲಿ ಸಿಗುತ್ತಿತ್ತು, ಫೇಸ್‌ಬುಕ್‌ನ ಷರತ್ತಿಗೆ ಒಪ್ಪಿದ ಸೈಟುಗಳಷ್ಟೇ ತೆರೆಯುತ್ತಿದ್ದವು, ಎಲ್ಲವೂ ಫೇಸ್‌ಬುಕ್‌ನ ಸರ್ವರ್ ದಾಟಿ ಬರಬೇಕಿತ್ತು. ವಿಡಿಯೋಗೆ ಅಲ್ಲಿ ಜಾಗವೇ ಇರಲಿಲ್ಲ. ನಿಮ್ಮ ಯೂಟ್ಯೂಬಿಗೆ ಅದರಿಂದ ಮೂರು ಕಾಸಿನ ಉಪಯೋಗವಾಗುತ್ತಿರಲಿಲ್ಲ. ಬೇಡ ಅಂದದ್ದು ಸರಿಯೇ ಎಂಬುದು ನಮ್ಮ ಅಭಿಪ್ರಾಯ.

ಆದರೆ 2016ರ ಆ ನಿಯಮದಿಂದಲೇ ನೆಟ್ ಅಗ್ಗವಾಯಿತು ಎನ್ನುವವರ ಮಾತನ್ನೂ ಒಪ್ಪಲಾರೆವು. ಅಗ್ಗವಾದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಪೈಪೋಟಿಗೆ ಬಿದ್ದ ಮೇಲೆ. ಈಗ ಕಣದಲ್ಲಿ ಉಳಿದಿರುವುದು ಮೂರು ಖಾಸಗಿ ಕಂಪನಿ ಮತ್ತು ಬಿಎಸ್ಎನ್ಎಲ್. ಮೊಬೈಲ್ ಡೇಟಾಗೆ ಇಷ್ಟೇ ದರ ಎಂದು ಟ್ರಾಯ್ ಕಟ್ಟುವುದಿಲ್ಲ; ಕಂಪನಿ ತಾನೇ ಇಟ್ಟು, ಆಮೇಲೆ ಟ್ರಾಯ್‌ಗೆ ವರದಿ ಮಾಡಿದರಾಯಿತು. 2024ರ ಜುಲೈನಲ್ಲಿ ಖಾಸಗಿಯವರು ಒಬ್ಬರ ಹಿಂದೊಬ್ಬರು ಏರಿಸಿದಾಗ ಯಾವ ನಿಯಮವೂ ಮುರಿಯಲಿಲ್ಲ.

ನಿಯಮದೊಳಗೇ ಉಳಿಸಿಕೊಳ್ಳುವ ದಾರಿ ಒಂದೆರಡು ಇವೆ. 28 ದಿನದ ಪ್ಯಾಕಾದರೆ ವರ್ಷಕ್ಕೆ 13 ಸಲ ಹಾಕಿಸಬೇಕು. ಈ 'ತಿಂಗಳು' ಯಾವ ಪಂಚಾಂಗದ್ದೋ! 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವಂಥದ್ದೊಂದು ಪ್ಯಾಕನ್ನು ಪ್ರತಿ ಕಂಪನಿಯೂ ಇಡಬೇಕೆಂದು 2022ರಲ್ಲಿ ಆದೇಶವಾಗಿದೆ. ದಿನದ ಲೆಕ್ಕಕ್ಕೆ ಭಾಗಿಸಿ, ಹೋಲಿಸಿ ಕೊಳ್ಳಿ. ತಾಯಿಯವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನೇ ಕೇಳಿ. 2024ರ ಡಿಸೆಂಬರಿನ ತಿದ್ದುಪಡಿಯಿಂದ ಅದನ್ನು ಇಡುವುದು ಕಡ್ಡಾಯ, ವ್ಯಾಲಿಡಿಟಿ 365 ದಿನದವರೆಗೂ ಇರಬಹುದು. ಅಂಗಡಿಯವರು ತಾವಾಗಿ ತೋರಿಸದಿದ್ದರೆ ಕಂಪನಿಯ ಆ್ಯಪಿನಲ್ಲಿ ಹುಡುಕಿ.

ದೂರು ಕೊಡುವುದಾದರೆ ಟ್ರಾಯ್‌ಗೆ ಬರೆಯಬೇಡಿ, ಒಬ್ಬೊಬ್ಬರ ದೂರನ್ನು ಅವರು ವಿಚಾರಿಸುವುದಿಲ್ಲ. ಮೊದಲು ಕಂಪನಿಯ ದೂರು ಸಂಖ್ಯೆ 198ಕ್ಕೆ ಫೋನ್ ಮಾಡಿ, ನಿಮ್ಮ ದೂರಿಗೆ ಅವರು ಕೊಡುವ ಡಾಕೆಟ್ ನಂಬರ್ ಬರೆದುಕೊಳ್ಳಿ. ಸಮಾಧಾನವಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನವಾಗಬೇಕು. ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಟೆಲಿಕಾಂ ದೂರು ಅಲ್ಲಿಗೆ ಬರುವುದಿಲ್ಲ ಎಂದು ಕಂಪನಿಯವರು ಹೇಳಿದರೆ, ಬರುತ್ತದೆ ಎಂದು 2022ರ ಫೆಬ್ರವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಎಂದು ತಿಳಿಸಿ. ಹೋಗುವಾಗ ಆ ಡಾಕೆಟ್ ನಂಬರ್ ಕೈಯಲ್ಲಿರಲಿ.